ಹಲ್ ಮತ್ತು ಕಡಲೆ

ಊರಿನ ಹೆಸರು ಹಲ್ ಎಂದಾಗ
ರಾಣೆಬೆನ್ನೂರಿನ ಚಿಕ್ಕಮ್ಮ ಫೋನಿನಲ್ಲೇ ನಕ್ಕಳು:
'ಹಲ್ ಸಿಕ್ತಲ್ಲ ಬಿಡು, ಇನ್ನ ಕಡ್ಲಿ ಹುಡುಕ್ಕೊ.'

ಹಂಬರ್ ನದಿಗೆ ಇಲ್ಲಿ ಚಹಾದ ಬಣ್ಣ,
ಹಾಲು ಹಾಕಿ ಮರೆತು ಆರಿಹೋದ ಚಹಾ.
ಫೋನ್ ಬೂತುಗಳು ಬೇರೆ ಕಡೆ ಕೆಂಪಂತೆ,
ಇಲ್ಲಿ ಮಾತ್ರ ಕೆನೆಬಣ್ಣ.
ಪಾಠ ಶುರುವಾಗುವ ಮೊದಲೇ ಕಲಿತೆ:
ಊರೊಂದು ಹಟ ಹಿಡಿದು ಒಂದು ಬಣ್ಣ ಇಟ್ಟುಕೊಂಡರೆ
ಜನ ಅದನ್ನು ನಮ್ಮದು ಅನ್ನುತ್ತಾರೆ.

ಹೇಜಲ್ ಆರ್ಮರಾಡ್
(ಮೇಡಂ ಅಂದರೆ ಸಿಟ್ಟು, ಬರೀ ಹೇಜಲ್ ಅನ್ನಬೇಕು)
ನನ್ನ ಮೊದಲ ಪೋಸ್ಟರನ್ನು ತಲೆಕೆಳಗಾಗಿ ಗೋಡೆಗೆ ಅಂಟಿಸಿ
ಬಾಗಿಲವರೆಗೂ ನಡೆದು ಹೋಗಿ, ಕಣ್ಣು ಕಿರಿದು ಮಾಡಿ:
'ಏಳು ಜನ ಒಟ್ಟಿಗೆ ಕೂಗ್ತಿದ್ದಾರೆ.
ಆರು ಜನರನ್ನ ಹೊರಗೆ ಕಳಿಸು.'

ನೆಲಮಾಳಿಗೆಯಲ್ಲಿ ಮರದ ಅಚ್ಚುಗಳು, ಸೀಮೆಎಣ್ಣೆಯಂಥ ವಾಸನೆ.
ಇಂಗ್ಲಿಷಿನ ಅಕ್ಷರಗಳು ಬಸ್‌ಸ್ಟಾಪಿನಲ್ಲಿ ಈ ಊರವರು ನಿಲ್ಲುವಂತೆ
ಒಬ್ಬರ ಮೈ ಒಬ್ಬರಿಗೆ ತಾಗದ ಹಾಗೆ ಸಾಲು.
ಸಂದು ಎಷ್ಟಿರಬೇಕು ಎಂಬುದೇ ಇಡೀ ಒಂದು ಟರ್ಮು.
ಎ ಪಕ್ಕ ವಿ ನಿಂತರೆ ಕಂದಕ;
ತಳ್ಳು, ಇನ್ನೂ ತಳ್ಳು, ಸಾಕು.

ನನ್ನ ಅಕ್ಷರಗಳ ಮನೆಯಲ್ಲಿ ಒಂಟಿ ಅನ್ನುವವರೇ ಕಡಿಮೆ.
ನೆತ್ತಿಗೆ ತಲೆಕಟ್ಟು, ಹೆಗಲಿಗೆ ದೀರ್ಘ,
ಕಾಲಡಿಗೆ ಒತ್ತು,
ಪ್ಯಾಸೆಂಜರ್ ರೈಲಲ್ಲಿ
ಟಿಕೆಟ್ಟಿಲ್ಲದ ಮಗು ಸೀಟಿನಡಿ ನುಸುಳಿದಂತೆ.
ಅಷ್ಟು ಜಾಗವೂ ಬಿಡದ ಸಾಫ್ಟ್‌ವೇರು
ರಾಜ್ಯಲಕ್ಷ್ಮಿ ಎಂಬ ನನ್ನ ಹೆಸರಿನ ಪಾದಗಳನ್ನೆಲ್ಲ ಕತ್ತರಿಸಿತ್ತು.
ಹೇಜಲ್‌ಗೆ ತೋರಿಸಿದೆ.
ಒಂದಕ್ಷರ ಓದಲು ಬಾರದವಳು ಬಹಳ ಹೊತ್ತು ನೋಡಿ
'ಇದಕ್ಕೆ ನೋವಾಗಿದೆ' ಅಂದಳು.

ಅಂಚಿನಾಚೆ ಮೂರು ಮಿಲಿಮೀಟರ್ ಬಣ್ಣ ಹರಿಯಬೇಕು,
ಕತ್ತರಿ ಎಲ್ಲಾದರೂ ತಪ್ಪೀತು ಎಂದು.
ಮೂವತ್ತು ವರ್ಷ ಜಂಪರು ಹೊಲಿದ ಚಿಕ್ಕಮ್ಮನಿಗೆ ವಿವರಿಸಿದರೆ:
'ಒಳಗ ಅರ್ಧ ಇಂಚು ಬಟ್ಟಿ ಬಿಡೂದು.
ಇದಕ್ಕ ಇಂಗ್ಲೆಂಡಿಗೆ ಹೋಗಬೇಕಿತ್ತೇನ?'

ಡಿಗ್ರಿ ಬಂತು. ಪೋರ್ಟ್‌ಫೋಲಿಯೋ ಹೊತ್ತು
ಲೀಡ್ಸ್, ಯಾರ್ಕ್, ಮತ್ತೆ ಲೀಡ್ಸ್.
ಗಾಜಿನ ಕೋಣೆಯಲ್ಲಿ ಗಡ್ಡದ ಹುಡುಗನೊಬ್ಬ
ಮೂರು ವರ್ಷವನ್ನು ನಲವತ್ತು ಸೆಕೆಂಡಿನಲ್ಲಿ ಮಗುಚಿ
'ಲವ್ಲೀ' ಎಂದ.
ಲವ್ಲೀ ಎಂದರೆ ಇಲ್ಲ ಎಂದು ಅರ್ಥವಾಗಲು
ನಾಲ್ಕು ಇಂಟರ್‌ವ್ಯೂ ಹಿಡಿಯಿತು.

ರಾತ್ರಿ ಟೆರಿಯ ಮೀನಂಗಡಿಯಲ್ಲಿ ಆಲೂಗಡ್ಡೆ ಸುಲಿದೆ.
ಮೆನು ಬೋರ್ಡಿನಲ್ಲಿ ಐದು ಬಗೆಯ ಅಕ್ಷರ,
ಸಾಲದ್ದಕ್ಕೆ ಅವಕ್ಕೆ ನೆರಳು ಬೇರೆ.
ಒಂದು ಸೋಮವಾರ ಕೇಳದೆಯೇ ತಿದ್ದಿಟ್ಟೆ.
ಟೆರಿ ತಲೆ ಕೆರೆದುಕೊಂಡ:
'ಈಗ ರೇಟು ಚೆನ್ನಾಗಿ ಕಾಣುತ್ತೆ. ಅದೇ ತೊಂದರೆ.'

ಕೊನೆಗೆ ಸಿಕ್ಕ ಕೆಲಸ ಕಸದ್ದು.
ಯಾವ ಡಬ್ಬ ಯಾವ ವಾರ: ಕೌನ್ಸಿಲ್ಲಿನ ಕರಪತ್ರ.
ಕಪ್ಪು, ನೀಲಿ, ಕಂದು.
ಬಣ್ಣ ತಿಳಿಯದ ಕಣ್ಣಿಗೆ ಗುರುತು ಬೇಕು,
ಚಾಳೀಸಿಗೆ ದಪ್ಪ ಅಂಕಿ,
ಹೇಗೆ ಮಡಚಿದರೂ ತಾರೀಖು ಮೇಲೆ ಬರಬೇಕು.
ಹನ್ನೊಂದು ಸಲ ತಿದ್ದಿದೆ.
ಕೆಳಗೆ ನನ್ನ ಹೆಸರಿಲ್ಲ;
ಇದ್ದಿದ್ದರೆ ಅದರ ಪಾದಕ್ಕೆ ಜಾಗ ಇರುತ್ತಿತ್ತೋ ಇಲ್ಲವೋ.

ಮಾರ್ಚಿಯಲ್ಲಿ ಬಾಡಿಗೆ ಕೋಣೆ ನೋಡಲು
ಹೆಸ್ಲ್ ರಸ್ತೆಯ ಮನೆಯೊಂದಕ್ಕೆ ಹೋದೆ.
ಫ್ರಿಜ್ಜಿನ ಮೇಲೆ, ಪ್ಲಾಸ್ಟಿಕ್ ಏಡಿಯೊಂದರ ಆಯಸ್ಕಾಂತದಡಿ,
ಅದು.
ಒಂದು ಬುಧವಾರಕ್ಕೆ ಪೆನ್ನಿನ ಸುತ್ತು. ಮೂಲೆಯಲ್ಲಿ ಗ್ರೇವಿ ಕಲೆ.
ಮನೆಯೊಡತಿ ಡೋರೀನ್ ಹಾಯುತ್ತಾ ಒಮ್ಮೆ ಕಣ್ಣು ಹಾಯಿಸಿ
'ನಾಳೆ ಕಂದು' ಎಂದು ತನಗೆ ತಾನೇ ಹೇಳಿಕೊಂಡಳು.
ಓದಿದ್ದು ಅವಳಿಗೇ ಗೊತ್ತಾಗಲಿಲ್ಲ.

ಇದು ನಾನು ಮಾಡಿದ್ದು ಎನ್ನಲು ಬಾಯಿ ತೆರೆದೆ.
ಹೀಟರು ಸರಿಯಾಗಿ ನಡೆಯುತ್ತಾ ಎಂದು ಕೇಳಿದೆ.

ಶುಕ್ರವಾರ ಸಂಬಳ. ಒಂದು ಟಿನ್ ಕಡಲೆ ಕೊಂಡೆ.
ಲೇಬಲ್ಲಿನ ಅಕ್ಷರಗಳ ಸಂದು ಕೊಂಚ ಜಾಸ್ತಿ.
ಫೋಟೋ ತೆಗೆದು ಕಳಿಸಿದರೆ ಚಿಕ್ಕಮ್ಮನ ಉತ್ತರ:
'ಡಬ್ಬಿವಾ?
ನೆನಿಹಾಕೂ ಸಂಕಟಾನೂ ಇಲ್ಲ ಬಿಡು ನಿನಗ.'